ಗಿಳಿಗೆ ಕ್ಯಾಲ್ಸಿಯಂ: ಕಟಲ್ ಬೋನ್, ಬ್ಲಾಕ್, ಸಿರಪ್, ಪೆಲೆಟ್‌ಗಳಲ್ಲಿ ಹೊಟ್ಟೆಗೆ ಸೇರುವುದು ಯಾವುದು?

ಹಕ್ಕಿ ಸಾಮಾನಿನ ಅಂಗಡಿಗೆ ಹೋಗಿ ‘ಗಿಳಿಗೆ ಕ್ಯಾಲ್ಸಿಯಂ ಕೊಡಿ’ ಅಂದರೆ ನಾಲ್ಕೈದು ಸಾಮಾನು ಎದುರಿಗೆ ಬಂದು ಕೂರುತ್ತವೆ. ಪುಟ್ಟ ದೋಣಿಯಂಥ ಬಿಳಿ ಕಟಲ್ ಬೋನ್, ಗುಲಾಬಿ ಬಣ್ಣದ ಮಿನರಲ್ ಬ್ಲಾಕ್, ಚಿಪ್ಪಿನ ಪುಡಿ, ಒಂದು ಬಾಟಲಿ ಸಿರಪ್, ಪೆಲೆಟ್ (ಕಾಳು, ವಿಟಮಿನ್ ಎಲ್ಲ ಬೆರೆಸಿ ಗುಳಿಗೆಯಂತೆ ಒತ್ತಿ ಮಾಡಿದ ಆಹಾರ) ಪೊಟ್ಟಣ. ಎಲ್ಲದರ ಮೇಲೂ ಕ್ಯಾಲ್ಸಿಯಂ ಎಂದು ಬರೆದಿರುತ್ತದೆ. ಬಹುಪಾಲು ಅದು ನಿಜವೂ ಹೌದು. ಆದರೆ ಪೊಟ್ಟಣದಲ್ಲಿರುವ ಕ್ಯಾಲ್ಸಿಯಂ ಬೇರೆ, ಹಕ್ಕಿಯ ಗಂಟಲು ಇಳಿಯುವ ಕ್ಯಾಲ್ಸಿಯಂ ಬೇರೆ, ಅಲ್ಲಿಂದ ರಕ್ತಕ್ಕೆ ಸೇರುವುದು ಮತ್ತೂ ಬೇರೆ. ಆ ಕೊನೆಯ ಲೆಕ್ಕ ಇಟ್ಟುಕೊಂಡೇ ಇವನ್ನು ಒಂದೊಂದಾಗಿ ನೋಡಿದ್ದೇವೆ.

ಇಲ್ಲಿ ಹೇಳುವುದು ಬಜ್ಜಿ (ನಮ್ಮಲ್ಲಿ ಇದನ್ನೇ ಲವ್ ಬರ್ಡ್ಸ್ ಅನ್ನುತ್ತಾರೆ), ಕಾಕ್‌ಟೀಲ್, ಆಫ್ರಿಕನ್ ಲವ್‌ಬರ್ಡ್, ಕೋನ್ಯೂರ್, ಆಫ್ರಿಕನ್ ಗ್ರೇ ಇಂಥ ಸಾಕುಗಿಳಿಗಳಿಗೆ. ನಮ್ಮ ತೋಟದ ಹಸಿರು ಗಿಣಿಯನ್ನು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆಫ್ರಿಕನ್ ಗ್ರೇ ಇದ್ದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿರಬೇಕು.

ಮೊದಲು ಕೊರತೆ ಎಷ್ಟು ಅನ್ನುವುದು ಗೊತ್ತಾಗಬೇಕು. ಸುಮಾರು 90 ಗ್ರಾಂ ತೂಗುವ ಕಾಕ್‌ಟೀಲ್ ದಿನಕ್ಕೆ ಹೆಚ್ಚುಕಡಿಮೆ 10 ಗ್ರಾಂ ಒಣ ಆಹಾರ ತಿನ್ನುತ್ತದೆ. ಮೊಟ್ಟೆ ಇಡದ ವಯಸ್ಕ ಹಕ್ಕಿಯ ಒಟ್ಟು ಆಹಾರದಲ್ಲಿ ಶೇ. 0.3ರಿಂದ 0.5ರಷ್ಟು ಕ್ಯಾಲ್ಸಿಯಂ ಇದ್ದರೆ ಚೆನ್ನ, ಅಂದರೆ ದಿನಕ್ಕೆ 30ರಿಂದ 50 ಮಿ.ಗ್ರಾಂ. ಈಗ ಬಟ್ಟಲು ನೋಡಿ. 100 ಗ್ರಾಂ ನವಣೆಯಲ್ಲಿ ಸುಮಾರು 31 ಮಿ.ಗ್ರಾಂ ಕ್ಯಾಲ್ಸಿಯಂ, ಸೂರ್ಯಕಾಂತಿ ಬೀಜದಲ್ಲಿ ಸುಮಾರು 78. ಏಳು ಗ್ರಾಂ ನವಣೆ, ಮೂರು ಗ್ರಾಂ ಸೂರ್ಯಕಾಂತಿ ಸೇರಿಸಿ ತಿಂದ ಹಕ್ಕಿಗೆ ಸಿಗುವುದು 5 ಮಿ.ಗ್ರಾಂಗಿಂತ ಕಡಿಮೆ. ಬೇಕಾದದ್ದರ ಆರನೇ ಒಂದು ಪಾಲೂ ಇಲ್ಲ. ಇದರ ಮೇಲೆ ರಂಜಕದ (ಫಾಸ್ಫರಸ್) ಕಾಟ ಬೇರೆ: ಸೂರ್ಯಕಾಂತಿಯಲ್ಲಿ ರಂಜಕ ಕ್ಯಾಲ್ಸಿಯಂನ ಎಂಟು ಪಟ್ಟು. ಹಕ್ಕಿಗೆ ಬೇಕಾದದ್ದು ತಿರುಗುಮುರುಗು, ಒಂದು ಪಾಲು ರಂಜಕಕ್ಕೆ ಒಂದೂವರೆಯಿಂದ ಎರಡು ಪಾಲು ಕ್ಯಾಲ್ಸಿಯಂ. ರಂಜಕ ಹೆಚ್ಚಾದಷ್ಟೂ ಇರುವ ಚೂರು ಕ್ಯಾಲ್ಸಿಯಂ ಕೂಡ ಕರುಳಲ್ಲಿ ಹೀರಿಕೊಳ್ಳದೆ ಹಾಗೇ ಹೊರಗೆ ಹೋಗುತ್ತದೆ. ರಕ್ತದ ಮಟ್ಟ ಕಾಯ್ದುಕೊಳ್ಳಲು ದೇಹ ಮೂಳೆಯಿಂದ ಕದಿಯುತ್ತಾ ಬರುತ್ತದೆ. ಅದಕ್ಕೇ ಬರಿ ಕಾಳು ತಿನ್ನುವ ಗಿಳಿ ವರ್ಷಗಟ್ಟಲೆ ಆರೋಗ್ಯವಾಗಿ ಕಂಡು, ಒಂದು ದಿನ ಇದ್ದಕ್ಕಿದ್ದಂತೆ ಕೋಲಿನಿಂದ ಕೆಳಗೆ ಬೀಳುವುದು.

ಕಟಲ್ ಬೋನ್

ಹೆಸರಲ್ಲಿ ಮೂಳೆ ಇದ್ದರೂ ಇದು ಮೂಳೆಯಲ್ಲ. ಕರಾವಳಿಯವರು ತಿನ್ನುವ ಬೊಂಡಾಸ್‌ನ ಬಳಗಕ್ಕೆ ಸೇರಿದ ಕಟಲ್ ಫಿಶ್‌ನ ಒಳಚಿಪ್ಪು. ಗ್ರಂಥಿಗೆ ಅಂಗಡಿಯಲ್ಲಿ ‘ಸಮುದ್ರ ನೊರೆ’ ಎಂದು ಕೇಳಿದರೆ ಇದನ್ನೇ ಕೊಡುತ್ತಾರೆ. ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್. ಶುದ್ಧ ಕಾರ್ಬೊನೇಟ್‌ನಲ್ಲಿ ಶೇ. 40 ಕ್ಯಾಲ್ಸಿಯಂ, ಹಾಗಾಗಿ ಕಟಲ್ ಬೋನ್‌ನ ಒಂದು ಗ್ರಾಂ ಪುಡಿಯಲ್ಲಿ 350 ಮಿ.ಗ್ರಾಂ ಆಸುಪಾಸು ಇರುತ್ತದೆ. ಮೇಲೆ ಹೇಳಿದ ಕಾಕ್‌ಟೀಲ್‌ನ ದಿನದ ಕೊರತೆ ತುಂಬಲು ಗ್ರಾಂನ ಹತ್ತನೇ ಒಂದು ಪಾಲು ಸಾಕು. ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಪುಡಿ ಅದು. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಕೆಲಸ ಮಾಡುವ ಸಾಮಾನು ಹಕ್ಕಿ ಅಂಗಡಿಯಲ್ಲಿ ಇನ್ನೊಂದಿಲ್ಲ. ಬಜ್ಜಿ, ಕಾಕ್‌ಟೀಲ್, ಲವ್‌ಬರ್ಡ್ ಸಾಕುವವರಿಗೆ ನಮ್ಮ ಮೊದಲ ಸಲಹೆ ಇದೇ. ಹತ್ತಕ್ಕೆ ಒಂಬತ್ತು ಅಂಕ.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ಹೋಲಿಸಿದರೆ ಥರ್ಮೋಕೋಲಿನಷ್ಟು ಹಗುರ ಅನಿಸಬೇಕು. ಒಂದು ಮಗ್ಗುಲು ಗಟ್ಟಿ, ನುಣುಪು. ಇನ್ನೊಂದು ಮಗ್ಗುಲು ಸೀಮೆಸುಣ್ಣದ ಹಾಗೆ ಮೆದು, ಉಗುರು ಎಳೆದರೆ ಗೆರೆ ಬಿದ್ದು ಬಿಳಿ ಹುಡಿ ಉದುರಬೇಕು. ನೀರಿಗೆ ಹಾಕಿದರೆ ತೇಲಬೇಕು. ಹಳದಿ ತಿರುಗಿದ್ದು, ಮೀನು ಕೊಳೆತ ವಾಸನೆ ಬರುವುದು, ಕಪ್ಪು ಜಿಡ್ಡಿನ ಚುಕ್ಕೆ ಇರುವುದು ಬೇಡ. ಮಲ್ಪೆಯಲ್ಲೋ ಕಾರವಾರದಲ್ಲೋ ಮರಳಲ್ಲಿ ಸಿಕ್ಕಿದ್ದನ್ನು ತಂದರೆ ಹಾಗೇ ಪಂಜರಕ್ಕೆ ಕಟ್ಟಬೇಡಿ, ಉಪ್ಪು ತುಂಬಿರುತ್ತದೆ. ಎರಡು ಮೂರು ದಿನ ಸಿಹಿನೀರಲ್ಲಿ ನೆನೆಹಾಕಿ ದಿನಕ್ಕೆ ಎರಡು ಸಲ ನೀರು ಬದಲಿಸಿ, ಹತ್ತು ನಿಮಿಷ ಕುದಿಸಿ, ಒಳಗೆಲ್ಲ ಒಣಗುವ ತನಕ ಬಿಸಿಲಿಗಿಡಿ. ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಬಂದರಿನ ಪಕ್ಕ ಸಿಕ್ಕಿದ್ದು, ಡಾಂಬರಿನ ಅಂಟು ತಾಗಿದ್ದು ಬೇಡವೇ ಬೇಡ.

ಕಟ್ಟುವುದರಲ್ಲೂ ತಪ್ಪುತ್ತಾರೆ. ಮೆದು ಮಗ್ಗುಲು ಹಕ್ಕಿಯ ಕಡೆಗಿರಬೇಕು. ಗಟ್ಟಿ ಮಗ್ಗುಲು ಎದುರಾದರೆ ಬಜ್ಜಿಯ ಕೊಕ್ಕು ಜಾರುತ್ತದೆ, ಎರಡು ದಿನ ಪ್ರಯತ್ನಿಸಿ ಬಿಟ್ಟುಬಿಡುತ್ತದೆ. ಯಜಮಾನರು ‘ನಮ್ಮ ಹಕ್ಕಿ ತಿನ್ನುವುದಿಲ್ಲ’ ಎಂದುಕೊಳ್ಳುತ್ತಾರೆ. ಕೂರುವ ಕೋಲಿನ ಪಕ್ಕ, ಎದೆಯ ಮಟ್ಟಕ್ಕೆ, ಅಲುಗಾಡದಂತೆ ಸ್ಟೀಲ್ ಕ್ಲಿಪ್ಪಿನಲ್ಲಿ ಬಿಗಿಯಿರಿ. ಸತು ಲೇಪಿಸಿದ ತಂತಿ ಬೇಡ, ಗಿಳಿ ಅದನ್ನೂ ಕಚ್ಚುತ್ತದೆ, ಸತು ವಿಷ. ನೀರಿನ ಬಟ್ಟಲಿನ ಮೇಲೆ, ಮೇಲಿನ ಕೋಲಿನ ಕೆಳಗೆ ಕಟ್ಟಿದರೆ ಹಿಕ್ಕೆ ಬೀಳುತ್ತದೆ. ಮೊದಲ ದಿನ ಮೆದು ಭಾಗವನ್ನು ನೀವೇ ಉಗುರಿನಿಂದ ಗೀರಿಟ್ಟರೆ ಹಕ್ಕಿ ಅಲ್ಲಿಂದಲೇ ಶುರು ಮಾಡುವುದುಂಟು.

ಕಡಿಯುತ್ತದೆ ಅಂದಮಾತ್ರಕ್ಕೆ ತಿನ್ನುತ್ತದೆ ಎಂದಲ್ಲ. ಪಂಜರದ ತಟ್ಟೆಗೆ ಒಂದು ದಿನ ಕಪ್ಪು ಕಾಗದ ಹಾಸಿ ನೋಡಿ. ಕಟಲ್ ಬೋನ್ ಸವೆದಷ್ಟೂ ಹುಡಿ ಕಾಗದದ ಮೇಲೇ ಬಿದ್ದಿದ್ದರೆ ಹೊಟ್ಟೆಗೆ ಏನೂ ಹೋಗಿಲ್ಲ. ದೊಡ್ಡ ಗಿಳಿಗಳಲ್ಲಿ ಇದು ಸಾಮಾನ್ಯ. ಆಫ್ರಿಕನ್ ಗ್ರೇಗೆ ಇಡೀ ಕಟಲ್ ಬೋನ್ ಹತ್ತು ನಿಮಿಷದ ಆಟ, ಮುರಿದು ಚೂರು ಮಾಡಿ ಬಿಸಾಡಿ ಮುಗಿಸುತ್ತದೆ. ಅಂಥ ಹಕ್ಕಿಗೆ ತುರಿದು ಒದ್ದೆ ಆಹಾರಕ್ಕೆ ಬೆರೆಸುವುದೇ ದಾರಿ.

ಮಿನರಲ್ ಬ್ಲಾಕ್

ಬಣ್ಣ ಚಂದ, ಹಣ್ಣಿನ ಪರಿಮಳ, ಪಂಜರದಲ್ಲಿ ತೂಗಿದರೆ ನೋಡಲೂ ಚೆನ್ನ. ಒಳಗಿರುವುದು ಬ್ಲಾಕಿನಿಂದ ಬ್ಲಾಕಿಗೆ ಬೇರೆ. ಕೆಲವು ಕಾರ್ಬೊನೇಟ್‌ನವು, ಹಲವು ಅಗ್ಗದವು ಜಿಪ್ಸಂ, ಅಂದರೆ ಗೋಡೆಗೆ ಹಚ್ಚುವ ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾದ ಮೇಲಿನ ರೂಪ. ಪೊಟ್ಟಣದ ಮೇಲೆ ಪದಾರ್ಥಗಳ ವಿವರ ಇಲ್ಲದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬ್ಲಾಕಿನ ಮೂಲೆಯನ್ನು ಕೆರೆದು ಹುಡಿ ಮಾಡಿ, ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿ. ಕಾರ್ಬೊನೇಟ್ ಆದರೆ ಸಣ್ಣ ಗುಳ್ಳೆಗಳೆದ್ದು ನೊರೆ ಬರುತ್ತದೆ. ಪಕ್ಕದಲ್ಲೇ ಕಟಲ್ ಬೋನ್ ಹುಡಿಗೂ ಹಿಂಡಿ ನೋಡಿದರೆ ಹೋಲಿಕೆ ಗೊತ್ತಾಗುತ್ತದೆ. ಜಿಪ್ಸಂ ಸುಮ್ಮನೆ ಒದ್ದೆಯಾಗಿ ಕೂರುತ್ತದೆ. ಜಿಪ್ಸಂನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಬ್ಲಾಕು ಕಲ್ಲಿನಂತಿರುವುದರಿಂದ ಬಜ್ಜಿಯ ಕೊಕ್ಕಿಗೆ ಸಿಗುವುದು ಅತ್ಯಲ್ಪ. ಕೊಕ್ಕು ಸವೆಸಲು ಇಡುವುದಾದರೆ ಇಡಿ. ಕ್ಯಾಲ್ಸಿಯಂಗೆ ಇದೊಂದನ್ನೇ ನಂಬಿದರೆ ಕೊರತೆ ಹಾಗೇ ಉಳಿಯುತ್ತದೆ. ಹತ್ತಕ್ಕೆ ನಾಲ್ಕು.

ಕಪ್ಪೆಚಿಪ್ಪಿನ ಪುಡಿ, ಗ್ರಿಟ್ (ಕಾಳು ಅರೆಯಲೆಂದು ಹಕ್ಕಿ ನುಂಗುವ ಸಣ್ಣ ಕಲ್ಲಿನ ಚೂರು) ವಿಚಾರ ಒಂದೇ ಮಾತು. ಕಾಳನ್ನು ಹಾಗೇ ನುಂಗುವ ಪಾರಿವಾಳಕ್ಕೆ ಅದು ಬೇಕು. ಗಿಳಿ ಸಿಪ್ಪೆ ಸುಲಿದು ತಿನ್ನುವ ಹಕ್ಕಿ, ಅದಕ್ಕೆ ಬೇಕಿಲ್ಲ. ಬಟ್ಟಲು ತುಂಬ ಇಟ್ಟರೆ ಕಾಯಿಲೆಯ ಹಕ್ಕಿ ಅತಿಯಾಗಿ ತಿಂದು ಹೊಟ್ಟೆ ಕಟ್ಟಿಕೊಳ್ಳುತ್ತದೆ. ಎಲೆಅಡಿಕೆಯ ಸುಣ್ಣವನ್ನು ಪಂಜರದ ಕಂಬಿಗೆ ಹಚ್ಚುವ ಪದ್ಧತಿ ಇನ್ನೂ ಇದೆ. ಅದನ್ನು ದಯವಿಟ್ಟು ನಿಲ್ಲಿಸಿ. ನೀರು ಹಾಕಿದ ಸುಣ್ಣ ಸುಡುವ ಕ್ಷಾರ, ನಾಲಿಗೆ, ಗಂಟಲಚೀಲ ಎರಡನ್ನೂ ಸುಡುತ್ತದೆ.

ಮನೆಯ ಮೊಟ್ಟೆ ಚಿಪ್ಪು

ದುಡ್ಡಿಲ್ಲದೆ ಸಿಗುವ ಇದು ಕಟಲ್ ಬೋನ್‌ಗೆ ಸರಿಸಮ. ಒಂದು ಗ್ರಾಂ ಪುಡಿಯಲ್ಲಿ ಸುಮಾರು 380 ಮಿ.ಗ್ರಾಂ ಕ್ಯಾಲ್ಸಿಯಂ. ಚಿಪ್ಪು ತೊಳೆದು ಹತ್ತು ನಿಮಿಷ ಕುದಿಸಿ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ಭಯ ಇರುವುದರಿಂದ ಇದನ್ನು ತಪ್ಪಿಸಬೇಡಿ. ಒಣಗಿಸಿ, ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ, ಮಿಕ್ಸಿಯ ಚಿಕ್ಕ ಜಾರಿಗೆ ಹಾಕಿ ಮೈದಾದಷ್ಟು ನಯವಾಗುವ ತನಕ ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಕಾಲು ಟೀ ಚಮಚ ಪುಡಿ ಒಂದು ಗ್ರಾಂಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಅಷ್ಟು ಕಾಕ್‌ಟೀಲ್‌ಗೆ ಒಂದು ವಾರ ದಾಟಿ ಬರುವ ಲೆಕ್ಕ. ದಿನಕ್ಕೆ ಎರಡು ಬೆರಳ ತುದಿಗೆ ಅಂಟುವಷ್ಟು ಸಾಕು.

ಇನ್ನು, ಪುಡಿಯನ್ನು ಒಣ ಕಾಳಿನ ಮೇಲೆ ಉದುರಿಸುವುದು ಪೂರಾ ವ್ಯರ್ಥ. ಮೊಟ್ಟೆಚಿಪ್ಪಿಗಷ್ಟೇ ಅಲ್ಲ, ಅಂಗಡಿಯ ಯಾವ ಕ್ಯಾಲ್ಸಿಯಂ ಪುಡಿಗೂ ಈ ಮಾತು ಸಲ್ಲುತ್ತದೆ. ಗಿಳಿ ಕಾಳನ್ನು ನಾಲಿಗೆಯಲ್ಲಿ ಹೊರಳಿಸಿ, ಸಿಪ್ಪೆ ಸೀಳಿ, ಒಳಗಿನ ತಿರುಳು ಮಾತ್ರ ನುಂಗುತ್ತದೆ. ಪುಡಿ ಸಿಪ್ಪೆಗೆ ಅಂಟಿಕೊಂಡು ತಟ್ಟೆಗೆ ಬೀಳುತ್ತದೆ, ಉಳಿದದ್ದು ಬಟ್ಟಲಿನ ತಳದಲ್ಲಿ. ಪುಡಿಗೆ ಹಿಡಿಯುವ ಒದ್ದೆ ಆಹಾರ ಬೇಕು: ಸಣ್ಣಗೆ ಹೆಚ್ಚಿದ ಸೊಪ್ಪು, ತುರಿದ ಕ್ಯಾರೆಟ್, ಬೇಯಿಸಿದ ಸಿಹಿಗೆಣಸು, ಮೊಳಕೆ ಕಾಳು.

ಮೊಳಕೆ ಅಂದರೆ ನಮ್ಮವರಿಗೆ ರಾಗಿಗಿಂತ ಒಳ್ಳೆಯದು ಬೇಕೇ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ, ನವಣೆಯ ಹತ್ತು ಪಟ್ಟಿಗೂ ಮೇಲೆ, ಕ್ಯಾಲ್ಸಿಯಂಗಿಂತ ರಂಜಕ ಕಡಿಮೆ ಇರುವ ಅಪರೂಪದ ಕಾಳು. ಒಣ ರಾಗಿಯಲ್ಲಿ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ, ಮೊಳಕೆ ಬಂದಾಗ ಅದು ಇಳಿಯುತ್ತದೆ. ರಾತ್ರಿ ನೆನೆಸಿ, ಬೆಳಗ್ಗೆ ತೊಳೆದು ಬಟ್ಟೆಯಲ್ಲಿ ಕಟ್ಟಿ, ಎರಡು ಮೂರು ಮಿ.ಮೀ. ಮೊಳಕೆ ಬಂದ ಮೇಲೆ ಮತ್ತೆ ತೊಳೆದು ಕೊಡಿ. ಹುಳಿ ವಾಸನೆ ಬಂದರೆ ಗಿಡಕ್ಕೆ ಸುರಿಯಿರಿ. ಬಟ್ಟಲಲ್ಲಿ ಮೂರು ಗಂಟೆಗಿಂತ ಹೆಚ್ಚು ಬಿಡಬೇಡಿ. ಇದರ ಜೊತೆ ನುಗ್ಗೆ ಸೊಪ್ಪಿನ ಒಂದು ಚಿಕ್ಕ ಎಸಳು, ತೊಳೆದು ನೀರು ತೊಟ್ಟಿಕ್ಕುವ ಹಾಗೇ ಕಂಬಿಗೆ ಸಿಕ್ಕಿಸಿ. 100 ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿ.ಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಪಾಲಕ್, ದಂಟಿನ ಸೊಪ್ಪಿನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಆಕ್ಸಲೇಟ್ ಹೆಚ್ಚಿರುವುದರಿಂದ ಬಹುಪಾಲು ಹೀರಿಕೊಳ್ಳುವುದಿಲ್ಲ. ವಾರಕ್ಕೊಮ್ಮೆ ರುಚಿಗೆ ಕೊಡಿ. ಹಾಲು, ಪನೀರು ಬೇಡ. ಹಕ್ಕಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಭೇದಿ ಹಿಡಿಯುತ್ತದೆ.

ಸಿರಪ್: ಬೇಕಾದಾಗ ಜೀವ ಉಳಿಸುತ್ತದೆ, ಬೇಡದಾಗ ಮೂತ್ರಪಿಂಡ ಕೆಡಿಸುತ್ತದೆ

ಎರಡು ಬಗೆ. ಹಕ್ಕಿಗೆಂದೇ ಮಾಡಿದವು, ದನ, ಕೋಳಿಗೆ ಮಾಡಿದ್ದನ್ನು ಅಂಗಡಿಯವರು ಚಿಕ್ಕ ಬಾಟಲಿಗೆ ಸುರಿದು ಕೊಡುವವು. ಎರಡನೆಯದನ್ನು ತಿರಸ್ಕರಿಸಿ. ಚೀಟಿ ಇಲ್ಲದ ಬಾಟಲಿಯಲ್ಲಿ ವಿಟಮಿನ್ ಡಿ3 ಎಷ್ಟಿದೆ ಎಂದು ತಿಳಿಯುವುದೇ ಇಲ್ಲ, ಮತ್ತು ಅಪಾಯ ಇರುವುದು ಅಲ್ಲೇ. ದನಕ್ಕೆ ಮಿ.ಲೀ. ಲೆಕ್ಕದಲ್ಲಿ ಕೊಡುವುದನ್ನು 35 ಗ್ರಾಂ ಬಜ್ಜಿಗೆ ‘ಎರಡು ಹನಿ’ ಅನ್ನುವುದು ಅಂದಾಜಿನ ಮಾತು. ಡಿ3 ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ಉಳಿಯುವ ವಿಟಮಿನ್. ಅತಿಯಾದರೆ ಕ್ಯಾಲ್ಸಿಯಂ ಮೂತ್ರಪಿಂಡದಲ್ಲಿ, ರಕ್ತನಾಳದಲ್ಲಿ ಗಟ್ಟಿ ಕಟ್ಟುತ್ತದೆ. ಮಕಾವ್‌ಗಳು ಈ ವಿಷಯದಲ್ಲಿ ಬಹಳ ಸೂಕ್ಷ್ಮ. ಮನೆಯವರ ಕ್ಯಾಲ್ಸಿಯಂ ಮಾತ್ರೆಯನ್ನು ಪುಡಿ ಮಾಡಿ ಹಾಕುವುದೂ ಹೀಗೇ: 500 ಮಿ.ಗ್ರಾಂ ಮಾತ್ರೆ ಅಂದರೆ ಕಾಕ್‌ಟೀಲ್‌ನ ಹತ್ತು ದಿನದ ಪಾಲು ಒಂದೇ ಗುಕ್ಕಿಗೆ.

ಒಳ್ಳೆಯ ಸಿರಪ್ ಕೂಡ ನೀರಿಗೆ ಬೆರೆಸಿದರೆ ಅರ್ಧ ಕೆಲಸವನ್ನೂ ಮಾಡುವುದಿಲ್ಲ. ಕಾಕ್‌ಟೀಲ್ ದಿನಕ್ಕೆ ಕುಡಿಯುವುದು ಸುಮಾರು ಹತ್ತು ಮಿ.ಲೀ. ಒಳಗೇ. 100 ಮಿ.ಲೀ. ಬಟ್ಟಲಿಗೆ ಹಾಕಿದ ಔಷಧದಲ್ಲಿ ಹತ್ತನೇ ಒಂದು ಪಾಲು ಒಳಗೆ ಹೋಗುತ್ತದೆ, ಉಳಿದದ್ದು ಚರಂಡಿಗೆ. ರುಚಿ ಹಿಡಿಸದಿದ್ದರೆ ಹಕ್ಕಿ ನೀರನ್ನೇ ಬಿಡುತ್ತದೆ, ಬೇಸಿಗೆಯಲ್ಲಿ ಅದು ಕೊರತೆಗಿಂತ ಬೇಗ ಕೊಲ್ಲುತ್ತದೆ. ಸಿಹಿ ಇರುವ ಸಿರಪ್ ಆದರೆ ಮಧ್ಯಾಹ್ನದೊಳಗೆ ಬಟ್ಟಲಿನ ಒಳಗೋಡೆ ಲೋಳೆ ಲೋಳೆ. ವೈದ್ಯರು ನೀರಿನಲ್ಲೇ ಕೊಡಿ ಎಂದಿದ್ದರೆ ಚೀಟಿಯ ಪ್ರಮಾಣ ಮೀರದೆ, ನಾಲ್ಕು ಗಂಟೆಗೊಮ್ಮೆ ಬದಲಿಸಿ, ಸ್ಟೀಲ್ ಬಟ್ಟಲಲ್ಲಿ ಕೊಡಿ. ಅದಕ್ಕಿಂತ ಒಂದು ಚೂರು ಬ್ರೆಡ್ಡಿಗೋ ಬೇಯಿಸಿದ ಸಿಹಿಗೆಣಸಿಗೋ ಅಳೆದ ಹನಿ ಹೀರಿಸಿ ಕೊಟ್ಟರೆ ಎಷ್ಟು ಹೋಯಿತು ಎಂಬ ಲೆಕ್ಕ ಸಿಗುತ್ತದೆ.

ಮೊಟ್ಟೆಯ ಮೇಲೆ ಮೊಟ್ಟೆ ಇಡುವ ಕಾಕ್‌ಟೀಲ್, ರಕ್ತಪರೀಕ್ಷೆಯಲ್ಲಿ ಕೊರತೆ ಕಂಡ ಗ್ರೇ, ಇವೆರಡಕ್ಕೆ ಸಿರಪ್ ಹತ್ತಕ್ಕೆ ಹತ್ತು. ಬೇರೆಯವರ ಮನೆಯಲ್ಲಿ ಅದು ಕಪಾಟಿನಲ್ಲಿ ಇರಲಿ.

ಪೆಲೆಟ್

ಕ್ಯಾಲ್ಸಿಯಂ, ರಂಜಕ, ಡಿ3 ಮೂರೂ ಹೊಂದಿಸಿ ಬರುವುದು ಇದರಲ್ಲಿ ಮಾತ್ರ. ಸಿಪ್ಪೆ ಸುಲಿದು ಎಸೆಯುವ ಪ್ರಶ್ನೆ ಇಲ್ಲ, ಬೇಕಾದ ಕಾಳನ್ನು ಮಾತ್ರ ಆರಿಸಿಕೊಳ್ಳುವ ಆಟವೂ ಇಲ್ಲ. ಬೆಲೆ ಹೆಚ್ಚು. ವರ್ಸೆಲೆ-ಲಾಗಾ ಕಂಪನಿಯ ನ್ಯೂಟ್ರಿಬರ್ಡ್ ಪೆಲೆಟ್‌ನಲ್ಲಿ ಪಿ15, ಪಿ19 ಎಂದಿರುವುದು ಪ್ರೋಟೀನಿನ ಶೇಕಡಾ ಲೆಕ್ಕ. 19ರದ್ದು ಮರಿ ಮಾಡುವ ಜೋಡಿಗೆ, ಮನೆಯ ಒಂಟಿ ಗಿಳಿಗೆ 15 ಸಾಕು. ಯಾವ ಬ್ರ್ಯಾಂಡ್ ಆದರೂ ಚೀಟಿಯಲ್ಲಿ ಕ್ಯಾಲ್ಸಿಯಂ ಶೇ. 1 ದಾಟಿರಬಾರದು. ಮೊಟ್ಟೆ ಕೋಳಿಯ ಆಹಾರದಲ್ಲಿ ಶೇ. 3.5ರಿಂದ 4 ಇರುತ್ತದೆ, ಅಗ್ಗವೆಂದು ಅದನ್ನು ಗಿಳಿಗೆ ಹಾಕುವುದು ನಿಧಾನವಾಗಿ ಮೂತ್ರಪಿಂಡ ಕಲ್ಲಾಗಿಸಿದಂತೆ. ಪೆಲೆಟ್ಟೇ ಮುಕ್ಕಾಲು ಆಹಾರವಾಗಿರುವ ಹಕ್ಕಿಗೆ ಸಿರಪ್ಪು, ಪುಡಿ ಏನೂ ಸೇರಿಸಬೇಡಿ. ಬಿಡಿಯಾಗಿ ತೂಗಿ ಕೊಡುವ ಪೆಲೆಟ್ ಕೊಳ್ಳಬೇಡಿ; ಗಾಳಿ ಬೆಳಕಿಗೆ ವಿಟಮಿನ್ ಕೆಡುತ್ತದೆ, ತಯಾರಿಕೆಯ ತಾರೀಖೂ ಗೊತ್ತಾಗುವುದಿಲ್ಲ.

ಕಾಳು ತಿಂದು ಬೆಳೆದ ಹಕ್ಕಿ ಪೆಲೆಟ್ಟನ್ನು ಆಹಾರ ಎಂದೇ ಗುರುತಿಸುವುದಿಲ್ಲ. ಒಂದೇ ದಿನದಲ್ಲಿ ಕಾಳು ನಿಲ್ಲಿಸಿದರೆ ಬಟ್ಟಲು ತುಂಬ ಪೆಲೆಟ್ ಇದ್ದೂ ಉಪವಾಸ ಸಾಯುವ ಹಕ್ಕಿಗಳಿವೆ. ನಾಲ್ಕರಿಂದ ಆರು ವಾರ, ವಾರಕ್ಕಿಷ್ಟು ಎಂದು ಕಾಳು ಇಳಿಸುತ್ತಾ ಬನ್ನಿ. ಪ್ರತಿದಿನ ಬೆಳಗ್ಗೆ ಮೊದಲ ಹಿಕ್ಕೆ ಆದ ಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಶುರುವಿನ ತೂಕಕ್ಕಿಂತ ಶೇ. 10 ಇಳಿದರೆ ಮತ್ತೆ ಕಾಳು ಕೊಟ್ಟು, ವೈದ್ಯರನ್ನು ಕೇಳಿ.

ಅಂಗಡಿಯಲ್ಲಿ ಸಿಗದ ಸಾಮಾನು

ಬಿಸಿಲು. ಡಿ3 ಇಲ್ಲದೆ ಕರುಳು ಕ್ಯಾಲ್ಸಿಯಂ ಹೀರುವುದಿಲ್ಲ, ಕಾಳಿನಲ್ಲಿ ಡಿ3 ಇಲ್ಲ. ಗಿಳಿ ಅದನ್ನು ಮುಖ, ಕಾಲಿನ ಗರಿಯಿಲ್ಲದ ಚರ್ಮದಲ್ಲಿ ಬಿಸಿಲಿನ ಯುವಿ-ಬಿ (ನೇರಳಾತೀತ) ಕಿರಣದಿಂದ ತಯಾರಿಸಿಕೊಳ್ಳುತ್ತದೆ. ಆಫ್ರಿಕನ್ ಗ್ರೇಯಲ್ಲಂತೂ ಈ ಬೆಳಕು ಸಿಕ್ಕಾಗ ರಕ್ತದ ಕ್ಯಾಲ್ಸಿಯಂ ಏರುವುದು ಪರೀಕ್ಷೆಯಲ್ಲೇ ಕಂಡಿದೆ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆದುಬಿಡುತ್ತದೆ. ಗಾಜಿನ ಹಿಂದೆ ದಿನವಿಡೀ ಬೆಳಕಲ್ಲಿ ಕೂತ ಹಕ್ಕಿಗೂ ಏನೂ ಸಿಗುವುದಿಲ್ಲ. ಬಾಲ್ಕನಿಯಲ್ಲಿ, ಬಿಸಿಲು ಸುಡುವ ಮೊದಲು, ಇಪ್ಪತ್ತು ಮೂವತ್ತು ನಿಮಿಷ ಪಂಜರ ಇಡಿ. ಅರ್ಧ ಪಂಜರಕ್ಕೆ ಬಟ್ಟೆ ಹೊದೆಸಿ ನೆರಳಿರಲಿ, ನೀರಿರಲಿ, ಹದ್ದು ಬೆಕ್ಕುಗಳ ಮೇಲೆ ಕಣ್ಣಿರಲಿ. ಬಾಯಿ ತೆರೆದು ಏದುಸಿರು ಬಿಟ್ಟರೆ ಕೂಡಲೇ ಒಳಗೆ ತನ್ನಿ. ಬಿಸಿಲೇ ಬಾರದ ಫ್ಲ್ಯಾಟ್ ಆದರೆ ಹಕ್ಕಿಗೆಂದು ಮಾಡಿದ ಯುವಿ ಟ್ಯೂಬ್ ಹಾಕಬಹುದು. ಅದು ಉರಿಯುತ್ತಿದ್ದರೂ ವರ್ಷದೊಳಗೆ ಯುವಿ ಬತ್ತಿಹೋಗುತ್ತದೆ, ಹಾಕಿದ ತಾರೀಖನ್ನು ಟ್ಯೂಬಿನ ಮೇಲೇ ಬರೆದಿಡಿ. ಹಲ್ಲಿ, ಓತಿಗಳಿಗೆಂದು ಮಾರುವ ಬಲವಾದ ಬಲ್ಬು ಗಿಳಿಯ ಕಣ್ಣು ಸುಡುತ್ತದೆ.

ಕೊರತೆ ತೋರಿಸುವ ಗುರುತುಗಳು ಇವು: ಕೋಲಿನ ಹಿಡಿತ ಸಡಿಲವಾಗುವುದು, ರೆಕ್ಕೆ ನಡುಗುವುದು, ಮೆತ್ತನೆ ಚಿಪ್ಪಿನ ಮೊಟ್ಟೆ, ಮರಿಯ ಕಾಲು ಸೊಟ್ಟಗಾಗುವುದು. ಗ್ರೇ ಸೆಟೆದುಕೊಂಡು ಬಿದ್ದರೆ ಅದು ಫಿಟ್ಸ್. ಕತ್ತಲು, ಶಾಂತ, ಕೆಳಗೆ ಮೆತ್ತನೆ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿಟ್ಟು ನೇರ ವೈದ್ಯರ ಹತ್ತಿರ ಒಯ್ಯಿರಿ. ದಾರಿಯಲ್ಲಿ ಬಾಯಿಗೆ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಹೆಣ್ಣು ಹಕ್ಕಿ ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕೂತು, ಬಾಲ ಮೇಲೆ ಕೆಳಗೆ ಆಡಿಸುತ್ತಾ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು. ಮೊಟ್ಟೆ ತಳ್ಳುವ ಸ್ನಾಯು ಹಿಂಡಲೂ ಕ್ಯಾಲ್ಸಿಯಂ ಬೇಕು, ಅದಿಲ್ಲದಿದ್ದರೆ ಹೀಗಾಗುತ್ತದೆ. 30 ಡಿಗ್ರಿ ಆಸುಪಾಸು ಬೆಚ್ಚಗಿಟ್ಟು, ಪಕ್ಕದಲ್ಲಿ ಬಿಸಿನೀರ ಪಾತ್ರೆಯಿಟ್ಟು ಹಬೆಯ ತೇವ ಕೊಡಿ. ಹೊಟ್ಟೆ ಅಮುಕಬೇಡಿ, ಒಳಗೆ ಮೊಟ್ಟೆ ಒಡೆದರೆ ಉಳಿಸುವುದು ಕಷ್ಟ. ವೈದ್ಯರು ಕ್ಯಾಲ್ಸಿಯಂ ಇಂಜೆಕ್ಷನ್ ಕೊಡುತ್ತಾರೆ, ಹಲವು ಸಲ ಅಷ್ಟರಲ್ಲೇ ಮೊಟ್ಟೆ ಹೊರಬರುತ್ತದೆ. ಆದರೆ ಕೈಯಲ್ಲಿರುವುದು ಕೆಲವೇ ಗಂಟೆ. ಊರಿನಲ್ಲಿ ಹಕ್ಕಿ ನೋಡುವ ವೈದ್ಯರು ಯಾರು, ರಾತ್ರಿ ಯಾರು ಸಿಗುತ್ತಾರೆ ಎಂದು ವಿಚಾರಿಸಿ, ನಂಬರನ್ನು ಇವತ್ತೇ ಪಂಜರದ ಪಕ್ಕ ಗೋಡೆಗೆ ಅಂಟಿಸಿಡಿ.